ಕೋಣೆಯ ಮೊಳಗನ್ನು ಪಳಗಿಸಿದವರು

ಸಬ್‌ವೂಫರ್ ಕೊಂಡವರು ನನ್ನನ್ನು ಕರೆಸುವುದು ಸಾಮಾನ್ಯವಾಗಿ ಎರಡು ದೂರಿಗೆ. ಒಂದು, ಬೇಸ್ ಗಿಟಾರಿನ ಯಾವುದೋ ಒಂದು ಸ್ವರ ಬಂದಾಗಲೆಲ್ಲ ಮನೆಯೇ ಗುಂಯ್‌ಗುಡುತ್ತದೆ. ಇನ್ನೊಂದು, ಹಿಂದಿನ ಗೋಡೆಗೆ ಒರಗಿ ಕೂತ ಮಾವನವರಿಗೆ ಎದೆ ನಡುಗುತ್ತದೆ, ನಡುವೆ ಸೋಫಾದಲ್ಲಿ ಕೂತ ಯಜಮಾನರಿಗೆ ಅದೇ ಸ್ವರ ಕೇಳುವುದೇ ಇಲ್ಲ. ಎರಡಕ್ಕೂ ಕಾರಣ ಪೆಟ್ಟಿಗೆಯಲ್ಲ, ಕೋಣೆ. ಇದನ್ನು ಲೆಕ್ಕ ಹಾಕಿ, ಅಳೆದು, ಹತೋಟಿಗೆ ತರಲು ನೂರು ವರ್ಷಕ್ಕೂ ಮೀರಿ ಹಿಡಿಯಿತು.

ಲೆಕ್ಕ ಮಾತ್ರ ಬಹಳ ಹಳೆಯದು. ಲಾರ್ಡ್ ರೇಲೀ ನೈಲ್ ನದಿಯ ಮೇಲೆ ದೋಣಿಮನೆಯಲ್ಲಿ ಬರೆಯಲು ಶುರುಮಾಡಿ 1877-78ರಲ್ಲಿ ಪ್ರಕಟಿಸಿದ ‘ದಿ ಥಿಯರಿ ಆಫ್ ಸೌಂಡ್’ ಪುಸ್ತಕದಲ್ಲೇ ಆಯತಾಕಾರದ ಕೋಣೆಯ ಗಾಳಿ ಯಾವ ಯಾವ ಆವೃತ್ತಿಯಲ್ಲಿ ಕಂಪಿಸುತ್ತದೆ ಎಂಬ ಸೂತ್ರವಿದೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿ. ನಾಲ್ಕು ಮೀಟರಿಗೆ 43 ಹರ್ಟ್ಝ್ ಸಿಗುತ್ತದೆ. ಬೇಸ್ ಗಿಟಾರಿನ ಅತಿ ಮಂದ್ರದ ತಂತಿ 41. ಇಳಯರಾಜಾ ಅವರ ಹಾಡಿನಲ್ಲಿ ಆ ತಂತಿ ನುಡಿದಾಗ, ಉಯ್ಯಾಲೆಗೆ ಸರಿಯಾದ ಹೊತ್ತಿಗೆ ಕೈ ಕೊಟ್ಟಂತೆ, ಕೋಣೆ ತನ್ನ ಪಾಲನ್ನೂ ಸೇರಿಸುತ್ತದೆ. ಒತ್ತಡವೆಲ್ಲ ಎರಡು ತುದಿಯ ಗೋಡೆಗಳ ಹತ್ತಿರ; ನಟ್ಟನಡುವೆ ಏನೂ ಇಲ್ಲ. ಮಾವನವರ ಜಾಗ, ಯಜಮಾನರ ಜಾಗ ಎರಡೂ ಆ ಸೂತ್ರದಲ್ಲಿವೆ.

ಕೋಣೆಯನ್ನು ನಿಜಕ್ಕೂ ಅಳೆಯಲು ಹೊರಟವರು ಹಾರ್ವರ್ಡಿನ ವ್ಯಾಲೇಸ್ ಸೇಬೈನ್. 1895ರಲ್ಲಿ ಫಾಗ್ ವಸ್ತುಸಂಗ್ರಹಾಲಯದ ಉಪನ್ಯಾಸ ಕೊಠಡಿಯಲ್ಲಿ ಮಾತು ಅರ್ಥವೇ ಆಗದಷ್ಟು ಮಾರ್ದನಿ. ಒಂದು ಸದ್ದು ಅಡಗಲು ಐದೂವರೆ ಸೆಕೆಂಡ್ ಬೇಕಿತ್ತು. ಊರು ಮಲಗಿದ ಮೇಲೆ ಅವರು ಸ್ಯಾಂಡರ್ಸ್ ಥಿಯೇಟರಿನ ಸೀಟಿನ ದಿಂಬುಗಳನ್ನು ಹೊತ್ತು ತಂದು, ಹಾಸಿ, ಆರ್ಗನ್ ಕೊಳವೆ ಊದಿಸಿ ಸದ್ದು ಎಷ್ಟು ಹೊತ್ತಿಗೆ ಅಡಗುತ್ತದೆಂದು ಅಳೆದು, ಬೆಳಗಾಗುವಷ್ಟರಲ್ಲಿ ದಿಂಬುಗಳನ್ನು ವಾಪಸು ಇಡುತ್ತಿದ್ದರು. ಆ ಶ್ರಮದಿಂದ ಬಂದ ಸೂತ್ರವನ್ನು ನಂಬಿ ಕಟ್ಟಿದ ಬಾಸ್ಟನ್ ಸಿಂಫನಿ ಹಾಲ್ 1900ರಲ್ಲಿ ತೆರೆಯಿತು. ನನ್ನ ಕಸುಬಿನ ಮೂಲಪುರುಷ ಅವರೇ ಎಂದು ನಾನು ಭಾವಿಸುತ್ತೇನೆ. ಆದರೆ ಅವರ ಕೊಳವೆ 512 ಹರ್ಟ್ಝಿನದು, ಅಲ್ಲಿ ದಿಂಬು ಸಾಕು. 43 ಹರ್ಟ್ಝಿನ ಅಲೆ ಎಂಟು ಮೀಟರ್ ಉದ್ದ. ಅದನ್ನು ಹೀರಬೇಕೆಂದರೆ ಎರಡು ಮೀಟರ್ ದಪ್ಪದ ಹಾಸು ಬೇಕು. ಅಂದರೆ ಅರ್ಧ ಕೋಣೆ.

ದಿಂಬು ಸೋತಲ್ಲಿಗೆ ವಿದ್ಯುತ್ತು ಬಂತು. ಟೆಕ್ಸಾಸ್ ವಿಶ್ವವಿದ್ಯಾಲಯದ ಪಾಲ್ ಬೋನರ್ 1960ರ ದಶಕದಲ್ಲಿ ಸಭಾಂಗಣಗಳ ಮೈಕ್ ವ್ಯವಸ್ಥೆ ಕೂಗಿಕೊಳ್ಳುವ ಆವೃತ್ತಿಗಳನ್ನು ಒಂದೊಂದಾಗಿ ಹುಡುಕಿ, ಅಷ್ಟಕ್ಕೇ ಕತ್ತರಿ ಹಾಕುವ ಕಿರಿದಾದ ಫಿಲ್ಟರುಗಳನ್ನು ಕೂರಿಸಿದರು. 1967ರಲ್ಲಿ ಆಲ್ಟೆಕ್ ಕಂಪನಿ ಅದೇ ಜಾಡಿನಲ್ಲಿ ‘ಅಕೌಸ್ಟಾ-ವಾಯ್ಸಿಂಗ್’ ತಂದಿತು: ಸಪ್ತಕದ ಮೂರನೇ ಒಂದು ಭಾಗಕ್ಕೊಂದು ಫಿಲ್ಟರು. ಅವು ತಗ್ಗಿಸುತ್ತಿದ್ದವು, ಏರಿಸುತ್ತಿರಲಿಲ್ಲ. ಆ ಸಂಯಮ ನನಗೆ ತುಂಬ ಇಷ್ಟ.

ಆಮೇಲೆ ಬೇಸ್ ಚಿತ್ರಮಂದಿರದಿಂದ ಮನೆಗೆ ನಡೆಯಿತು. 1974ರ ‘ಅರ್ತ್‌ಕ್ವೇಕ್’ ಚಿತ್ರಕ್ಕೆ ಥಿಯೇಟರುಗಳಲ್ಲಿ ಬೇಸ್ ಮೊಳಗಿಸುವ ಸೆನ್‌ಸರೌಂಡ್ ಪೆಟ್ಟಿಗೆಗಳನ್ನಿಟ್ಟರು. 1992ರಲ್ಲಿ ಡಾಲ್ಬಿ ಡಿಜಿಟಲ್ ಬಂದ ಮೇಲೆ ಐದು ಚಾನೆಲ್ಲುಗಳ ಜೊತೆ ಬೇಸಿಗೆಂದೇ ಬೇರೊಂದು ಚಾನೆಲ್ ಆಯಿತು. ಮನೆಗೆ ಬಂದ ಆ ಬೇಸು ಏನಾಗುತ್ತದೆ ಎಂಬುದು ಗೋಡೆಯ ಮೇಲಿದೆ. ನಮ್ಮ ಹೆಂಚಿನ ಮನೆಗಳಲ್ಲಿ ಅದು ಸಂದಿಗೊಂದಿಗಳಿಂದ ಹೊರಬೀಳುತ್ತದೆ. ಅಮೆರಿಕದ ಮರದ ಚೌಕಟ್ಟಿನ, ಜಿಪ್ಸಂ ಹಲಗೆಯ ಗೋಡೆ ತಾನೇ ಅದುರಿ ಒಂದಿಷ್ಟನ್ನು ನುಂಗುತ್ತದೆ. ಬೆಂಗಳೂರಿನ ಆರ್‌ಸಿಸಿ ಫ್ಲ್ಯಾಟು ಹೊರಗೂ ಬಿಡುವುದಿಲ್ಲ, ನುಂಗುವುದೂ ಇಲ್ಲ. ಹೊರನಾಡಿನ ಪುಸ್ತಕದ ಸಲಹೆ ಇಲ್ಲಿ ಅರ್ಧಕ್ಕೆ ನಿಲ್ಲುವುದು ಇದಕ್ಕೇ.

ಹೀಗೆ ಒಳಗೇ ಉಳಿದ ಮೊಳಗಿನಲ್ಲಿ ಯಾವುದು ಫಿಲ್ಟರಿಗೆ ಬಗ್ಗುತ್ತದೆ? ಧ್ವನಿವಿಜ್ಞಾನಿ ಮ್ಯಾನ್‌ಫ್ರೆಡ್ ಷ್ರೋಡರ್ 1954ರಲ್ಲಿ ಗುರುತಿಸಿ, 1962ರಲ್ಲಿ ಕುಟ್ರುಫ್ ಜೊತೆ ತಿದ್ದಿದ ಒಂದು ಗಡಿಯಿದೆ. ಅದರ ಮೇಲೆ ಕೋಣೆಯ ಕಂಪನಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಕೆಳಗೆ ಒಂದೊಂದೂ ಬಿಡಿಬಿಡಿಯಾಗಿ ಮೊಳಗುತ್ತದೆ. ಸಣ್ಣ ಹಾಲಿಗೆ ಅದು 200 ಹರ್ಟ್ಝಿನ ಆಸುಪಾಸು. 1979ರಲ್ಲಿ ನೀಲಿ ಮತ್ತು ಆಲೆನ್ ಎಂಬ ಸಂಶೋಧಕರು ಒಂದು ಕಹಿಸತ್ಯ ತೋರಿಸಿದರು: ಕೋಣೆ ಸೇರಿಸಿದ್ದೆಲ್ಲವನ್ನೂ ಗಣಿತದಿಂದ ತಿರುಗಿಸಿ ಅಳಿಸಲು ಎಲ್ಲ ಸಂದರ್ಭದಲ್ಲೂ ಆಗುವುದಿಲ್ಲ. ಅದೃಷ್ಟಕ್ಕೆ ಆ ಗಡಿಯ ಕೆಳಗಿನ ಒಂಟಿ ಮೊಳಗು ಬಹುಮಟ್ಟಿಗೆ ಮಾತು ಕೇಳುತ್ತದೆ. ಆವೃತ್ತಿ, ಅಗಲ, ಎತ್ತರ ಮೂರೂ ಹೊಂದುವ ಫಿಲ್ಟರು ಇಟ್ಟರೆ ಸ್ವರದ ಜೋರು ಇಳಿಯುವುದಷ್ಟೇ ಅಲ್ಲ, ಅದು ಎಳೆದಾಡುವುದೂ ನಿಲ್ಲುತ್ತದೆ. ತಬಲಾದ ಎಡ ಮೊದಲ ಸಲ ಮುಗಿಯಬೇಕಾದಲ್ಲಿ ಮುಗಿದದ್ದನ್ನು ಕೇಳಿದವರ ಮುಖ ನೋಡಬೇಕು. 2000ದಲ್ಲಿ ಇಟಲಿಯ ಆಂಜೆಲೊ ಫರೀನಾ ಮಂದ್ರದಿಂದ ತಾರಕ್ಕೆ ಜಾರುವ ಒಂದೇ ಸ್ವರದಿಂದ ಕೋಣೆಯನ್ನು ಅಳೆಯುವ ವಿಧಾನ ಕೊಟ್ಟ ಮೇಲೆ ಈ ಅಳತೆ ಲ್ಯಾಪ್‌ಟಾಪಿಗೆ ಇಳಿಯಿತು.

ಯಜಮಾನರ ಸೋಫಾ ಮಾತ್ರ ಹಾಗೇ ಉಳಿಯಿತು. ನೇರ ಬಂದ ಅಲೆ, ಗೋಡೆಗೆ ತಾಗಿ ಬಂದ ಅಲೆ ಒಂದನ್ನೊಂದು ಕೊಲ್ಲುವ ಜಾಗಕ್ಕೆ ಎಷ್ಟು ಶಕ್ತಿ ಸುರಿದರೂ ಎರಡೂ ಒಟ್ಟಿಗೇ ಬೆಳೆಯುತ್ತವೆ. 10 ಡೆಸಿಬೆಲ್ ಏರಿಸಲು ಹತ್ತು ಪಟ್ಟು ವಾಟ್ ಬೇಕು. ಆಂಪ್ಲಿಫಯರ್ ಸುಡುತ್ತದೆ, ಹಳ್ಳ ತುಂಬುವುದಿಲ್ಲ. ಇದಕ್ಕೆ ಉತ್ತರ ಕೊಟ್ಟವರು ಹಾರ್ಮನ್ ಕಂಪನಿಯ ಟಾಡ್ ವೆಲ್ಟಿ. ಸಾವಿರಾರು ಜೋಡಣೆಗಳನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ 2002ರಲ್ಲಿ ಅವರು ಹೇಳಿದ್ದು: ನಾಲ್ಕು ಗೋಡೆಗಳ ನಡುಮಧ್ಯೆ ನಾಲ್ಕು ಸಬ್‌ವೂಫರ್ ಸಾಕು, ಎದುರುಬದುರು ಎರಡಿಟ್ಟರೂ ಬಹಳಷ್ಟು ಗೆದ್ದಂತೆ. ಮುಂದಿನದು ಎಬ್ಬಿಸುವ ಮೊದಲ ಮೊಳಗನ್ನು ಹಿಂದಿನದು ಎದುರಿನಿಂದ ತಳ್ಳಿ ಏಳದಂತೆ ಮಾಡುತ್ತದೆ. 2006ರಲ್ಲಿ ಅವರು ಸಹೋದ್ಯೋಗಿ ಡೆವಾಂಟಿಯರ್ ಜೊತೆ ಸೇರಿ ಪ್ರತಿ ಪೆಟ್ಟಿಗೆಗೂ ಬೇರೆ ವಿಳಂಬ, ಬೇರೆ ಮಟ್ಟ, ಬೇರೆ ಫಿಲ್ಟರು ಲೆಕ್ಕ ಹಾಕಿ, ಸೀಟಿನಿಂದ ಸೀಟಿಗೆ ಇರುವ ವ್ಯತ್ಯಾಸವನ್ನೇ ಕಿರಿದುಗೊಳಿಸುವ ದಾರಿ ಪ್ರಕಟಿಸಿದರು. ಈ ಇತಿಹಾಸದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡ ತಿರುವು ಇದು. ಅಲ್ಲಿಯವರೆಗೆ ಮನೆಯ ಬೇಸ್ ತಿದ್ದುವವರು ಹೆಚ್ಚಾಗಿ ಒಂದು ಕಿವಿಗಾಗಿ ದುಡಿದಿದ್ದರು. ಇವರು ಮನೆಮಂದಿಗೆಲ್ಲ ಲೆಕ್ಕ ಹಾಕಿದರು.

ಹಾಗಾಗಿ ದೊಡ್ಡದೊಂದು ಸಬ್‌ವೂಫರಿಗೆ ಹಣ ಕೂಡಿಸಿದವರಿಗೆ ನಾನು ಸಣ್ಣವೆರಡನ್ನು ಕೊಳ್ಳಿ ಎನ್ನುತ್ತೇನೆ. ಮೊದಲು ಅಳತೆಟೇಪು, ಆಮೇಲೆ ಮೈಕು. ಪೆಟ್ಟಿಗೆಗಳ ಜಾಗ, ವಿಳಂಬ, ಮಟ್ಟ ಸರಿಹೋದ ಮೇಲೆ, ಎಲ್ಲ ಸೀಟುಗಳಲ್ಲೂ ಎದ್ದು ಕಾಣುವ ಶಿಖರ ಉಳಿದಿದ್ದರೆ ಅಲ್ಲಿಗೆ ಒಂದು ಕಿರಿದಾದ ಫಿಲ್ಟರು ಇಡುತ್ತೇನೆ, ಬೋನರ್ ಇಟ್ಟ ಹಾಗೆ ತಗ್ಗಿಸುವಂಥದ್ದು.