ಮಂಗನ ಕಾಯಿಲೆ

ಮಂಗನ ಕಾಯಿಲೆ ಉಣುಗಿನ ಕಡಿತದಿಂದ ಮನುಷ್ಯರಿಗೆ ತಗಲುವ ವೈರಾಣು ಜ್ವರ. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಕ್ಯಾಸನೂರು ಕಾಡಿನ ಕಾಯಿಲೆ ಎಂದು ಹೆಸರು. ಕೆನ್ನೆ ಊದುವ ಮಂಗನಬಾವು ಬೇರೆ, ಇದು ಬೇರೆ. ಕಾಡಿನ ವೈರಾಣು ಊರಿಗೆ ದಾಟಿದ್ದಕ್ಕೆ ಮಲೆನಾಡು ಕಂಡ ದೊಡ್ಡ ನಿದರ್ಶನ ಈ ಕಾಯಿಲೆ.

ಪತ್ತೆ

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು. ಸುತ್ತಲ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಭಾರತಕ್ಕೆ ಹಳದಿ ಜ್ವರ ಬಂದಿತೆಂಬ ಆತಂಕ ಹುಟ್ಟಿತು. ಪುಣೆಯ ವೈರಾಣು ಸಂಶೋಧನಾ ಕೇಂದ್ರದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರು ಪರೀಕ್ಷಿಸಿದಾಗ ಸಿಕ್ಕಿದ್ದು ಹೊಸ ವೈರಾಣು. ರಷ್ಯಾದ ಉಣುಗು ಜ್ವರದ ವೈರಾಣುವಿಗೆ ಅದು ಹತ್ತಿರದ ನೆಂಟ. ವಲಸೆ ಹಕ್ಕಿಗಳು ಹೊತ್ತು ತಂದಿರಬಹುದೇ ಎಂಬ ಪ್ರಶ್ನೆಯಿಂದ ಪಕ್ಷಿತಜ್ಞ ಸಲೀಂ ಅಲಿಯವರ ಹಕ್ಕಿ ವಲಸೆ ಅಧ್ಯಯನಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ನೆರವೂ ದೊರೆಯಿತು.

ದಾಟುವ ಬಗೆ

ಕಾಡಿನ ಇಲಿ, ಹೆಗ್ಗಣದಂಥ ಸಣ್ಣ ಪ್ರಾಣಿಗಳ ಹಾಗೂ ಉಣುಗುಗಳ ನಡುವೆ ವೈರಾಣು ಸದಾ ಸುತ್ತುತ್ತಿರುತ್ತದೆ. ಮುಸ್ಯ ಮತ್ತು ಕೋಡಗಕ್ಕೆ ತಗಲಿದರೆ ಅವು ಬಹುಬೇಗ ಸಾಯುತ್ತವೆ. ಹೆಣದಿಂದ ಉದುರಿದ ಉಣುಗು ದರಗಿನಲ್ಲಿ ಕಾದಿದ್ದು, ಸೌದೆ, ಸೊಪ್ಪಿಗೆ ಬಂದವರನ್ನು ಹತ್ತುತ್ತದೆ. ಕಣ್ಣಿಗೆ ಬೀಳದಷ್ಟು ಚಿಕ್ಕದಾದ ಮರಿ ಉಣುಗುಗಳೇ ಹೆಚ್ಚಾಗಿ ಕಚ್ಚುವುದು. ಮನುಷ್ಯರಿಂದ ಮನುಷ್ಯರಿಗೆ ಹರಡಿದ ದಾಖಲೆಯಿಲ್ಲ. ಕಾಯಿಲೆ ದಾಟಿಸುವುದು ಉಣುಗಾದ್ದರಿಂದ ಮಂಗ ಈ ಕಾಯಿಲೆಯ ಅಪರಾಧಿಯಲ್ಲ, ಮೊದಲ ಬಲಿ.

ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಏಕಾಏಕಿ ಜ್ವರ, ತಲೆನೋವು, ಮೈಕೈ ನೋವು, ವಾಂತಿ. ಕೆಲವರಿಗೆ ಮೂಗು, ಒಸಡುಗಳಲ್ಲಿ ರಕ್ತಸ್ರಾವ. ನಿರ್ದಿಷ್ಟ ಔಷಧವಿಲ್ಲ, ಆರೈಕೆಯೇ ಚಿಕಿತ್ಸೆ. ನೂರರಲ್ಲಿ 3ರಿಂದ 5 ರೋಗಿಗಳು ಸಾಯುತ್ತಾರೆ.

ಕಾಡಂಚಿನ ಚರಿತ್ರೆ

ಕಾಡು ಕಡಿದು ಗದ್ದೆ ಮಾಡಿದ ಅಂಚಿನಲ್ಲಿ ಮೇಯುವ ದನಗಳು ಉಣುಗಿನ ಸಂತತಿಯನ್ನು ಬೆಳೆಸುತ್ತವೆ ಎಂದು ಹೋರ್ಹೆ ಬೊಶೆಲ್ 1969ರಲ್ಲಿ ತೋರಿಸಿದರು. 1983ರ ಹೊತ್ತಿಗೆ, ಮೂಡಿಗೆರೆಯಿಂದ ಚಾರ್ಮಾಡಿ ಘಾಟಿ ಇಳಿದರೆ ಸಿಗುವ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ತೋಟಕ್ಕಾಗಿ ಕಾಡು ಬೋಳಿಸಿದ ಬೆನ್ನಿಗೇ ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ನಲುಗಿತು. ವಯನಾಡು, ಗೋವಾ, ಸಿಂಧುದುರ್ಗಗಳಿಗೂ ಕಾಯಿಲೆ ಮುಟ್ಟಿದೆ.

ಕಾಫಿ ಸೀಮೆಯಲ್ಲಿ

ಚಿಕ್ಕಮಗಳೂರು ಜಿಲ್ಲೆಯಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಿಗೆ ಕಾಯಿಲೆಯ ಕಾಟ ಹೆಚ್ಚು. 2024ರಲ್ಲಿ ಜಿಲ್ಲೆಯಲ್ಲಿ ಸಾವೂ ಸಂಭವಿಸಿತು. ಡಿಸೆಂಬರಿನಿಂದ ಮೇವರೆಗೆ ಕಾಯಿಲೆಯ ಕಾಲ. ಕಾಫಿ ಕೊಯ್ಲಿನ ಬಹುಪಾಲು ತಿಂಗಳುಗಳೂ ಇದರೊಳಗೇ ಬರುತ್ತವೆ. ನೆರಳು ಮರದ ತೋಟ ಕಾಡಿಗೆ ಅಂಟಿಕೊಂಡೇ ಇರುವುದರಿಂದ, ಲೈನ್ ಮನೆಗಳೆಂಬ ತೋಟದ ಸಾಲುಮನೆಗಳಲ್ಲಿ ಇದ್ದು ದುಡಿದು, ಒಲೆಗೆ ಸೌದೆ ಆಯುವ ಕೂಲಿಯವರೇ ಮೊದಲು ಅಪಾಯಕ್ಕೆ ಒಡ್ಡಿಕೊಳ್ಳುತ್ತಾರೆ.

ತಡೆ

ದಶಕಗಳ ಕಾಲ ಕೊಟ್ಟ ಲಸಿಕೆಯ ಪರಿಣಾಮ ಕುಂದಿದ್ದರಿಂದ 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಯ ಕೆಲಸ ನಡೆದಿದೆ. ಅಲ್ಲಿಯವರೆಗೆ ಮೈತುಂಬ ಬಟ್ಟೆ, ಉಣುಗು ಹತ್ತದಂತೆ ಮೈಗೆ ಹಚ್ಚಲು ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆ, ಕಾಡಿನಿಂದ ಬಂದೊಡನೆ ಬಿಸಿನೀರಿನ ಸ್ನಾನವೇ ರಕ್ಷೆ. ಸತ್ತ ಮಂಗ ಕಂಡರೆ ಮುಟ್ಟದೆ, ಕೂಡಲೇ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಸುತ್ತ 50 ಮೀಟರ್ ಜಾಗಕ್ಕೆ ಕೀಟನಾಶಕ ಹಾಕುತ್ತಾರೆ. ತೋಟದವರಿಗಾಗಲಿ ಕೂಲಿಯವರಿಗಾಗಲಿ, ಮಂಗನ ಸಾವಿಗಿಂತ ಮೊದಲೇ ಸಿಗುವ ಎಚ್ಚರಿಕೆ ಬೇರೆಯಿಲ್ಲ.