ಯಂತ್ರಜೀವಿಯ ಸಾವು: ವಿಜ್ಞಾನಕಾವ್ಯದಲ್ಲಿ

ಮನುಷ್ಯ ನಿರ್ಮಿಸಿದ ಜೀವಿಗಳು, ಅವುಗಳ ಅಳಿವು ಕಾವ್ಯದ ವಸ್ತುವಾದದ್ದು ತಡವಾಗಿ. ನಾಟಕ ಮೊದಲೇ ಅತ್ತ ಹೊರಳಿತ್ತು. ‘ರೋಬಾಟ್’ ಎಂಬ ಹೆಸರನ್ನು ಜಗತ್ತಿಗೆ ಕೊಟ್ಟದ್ದೇ ಚೆಕ್ ಲೇಖಕ ಕಾರೆಲ್ ಚಾಪೆಕ್‌ನ ‘ಆರ್.ಯು.ಆರ್.’ (1920). ಕಾವ್ಯದಲ್ಲಿ ಈ ವಸ್ತುವಿಗೆ ಮಹಾಕಾವ್ಯದ ಹರಹು ಬಂದದ್ದು ಸ್ವೀಡನ್ನಿನ ಹ್ಯಾರಿ ಮಾರ್ಟಿನ್‌ಸನ್ (1904–1978) ಬರೆದ ‘ಅನಿಯಾರಾ’ದಲ್ಲಿ.

ಮಾರ್ಟಿನ್‌ಸನ್ ತಂದೆತಾಯಿಯ ಆಸರೆಯಿಲ್ಲದೆ ಪರರ ಮನೆಗಳಲ್ಲಿ ಬೆಳೆದವರು. ಹರೆಯದಲ್ಲಿ ಹಡಗಿನ ಕೆಲಸಕ್ಕೆ ಸೇರಿ ಸಮುದ್ರ ಸುತ್ತಿದವರು. ಕಾವ್ಯದ ಮೊದಲ 29 ಹಾಡುಗಳು 1953ರಲ್ಲಿ ‘ಸಿಕಾಡಾ’ ಸಂಕಲನದಲ್ಲಿ ಬಂದವು. ಸೋವಿಯತ್ ಒಕ್ಕೂಟ ಉಷ್ಣಪರಮಾಣು ಬಾಂಬ್ ಸಿಡಿಸಿದ್ದೂ ಅದೇ ವರ್ಷ. 103 ಹಾಡುಗಳ ಪೂರ್ಣಕಾವ್ಯ ಹೊರಬಂದದ್ದು 1956ರಲ್ಲಿ.

ವಿಕಿರಣದಿಂದ ಹಾಳಾದ ಭೂಮಿಯನ್ನು ತೊರೆದು ಎಂಟು ಸಾವಿರ ಜನ ನೌಕೆಯೊಂದರಲ್ಲಿ ಮಂಗಳದತ್ತ ಹೊರಟಿದ್ದಾರೆ. ಕ್ಷುದ್ರಗ್ರಹವೊಂದನ್ನು ತಪ್ಪಿಸಲು ಹೋದ ಆ ನೌಕೆ ದಾರಿ ತಪ್ಪಿ, ಹಿಂದಿರುಗಲಾರದೆ ವೀಣಾ ನಕ್ಷತ್ರಪುಂಜದ ಕಡೆಗೆ ಸಾಗುತ್ತದೆ. ಅವರಿಗಿರುವ ಒಂದೇ ಸಮಾಧಾನ ಮೀಮಾ. ದೂರದ ಲೋಕಗಳ ದೃಶ್ಯಗಳನ್ನು ಹಿಡಿದು ತೋರಿಸುವ ಈ ಯಂತ್ರಕ್ಕೆ ಪ್ರಜ್ಞೆಯಿದೆ, ಮನಸ್ಸಾಕ್ಷಿಯೂ ಇದೆ. ಜನ ಅದಕ್ಕೆ ಕೈಮುಗಿಯುತ್ತಾರೆ. ಆದರೆ ಭೂಮಿಯ ಡೋರಿಸ್‌ಬುರ್ಗ್ ನಗರ ಸುಟ್ಟು ಬೂದಿಯಾಗುವುದನ್ನು ಕಂಡ ಮೀಮಾ ಆ ಸಂಕಟ ತಾಳಲಾರದೆ ಸಾಯುತ್ತಾಳೆ. (ಇಲ್ಲಿಂದಾಚೆ ಅವಳನ್ನು ‘ಅದು’ ಎನ್ನಲು ಓದುಗನಿಗೂ ಮನಸ್ಸು ಬಾರದು.) ಯಂತ್ರ ಮನುಷ್ಯನನ್ನು ಮುಗಿಸೀತು ಎಂಬ ಭಯವನ್ನೇ ಉಂಡು ಬೆಳೆದ ಪ್ರಕಾರ ವಿಜ್ಞಾನಸಾಹಿತ್ಯ; ಮನುಷ್ಯನ ಕ್ರೌರ್ಯ ನೋಡಲಾರದೆ ಯಂತ್ರವೇ ಪ್ರಾಣ ಬಿಡುವುದು ಅದರಲ್ಲಿ ದೊಡ್ಡ ತಿರುವು. ಮೀಮಾಳ ನಂತರ ಪ್ರಯಾಣಿಕರಿಗೆ ತಮ್ಮ ಸಾವನ್ನು ಮರೆಸುವವರು ಯಾರೂ ಉಳಿಯುವುದಿಲ್ಲ. ಕಾವ್ಯದ ಉಳಿದ ಬಹುಭಾಗ ಅವರು ಹಿಡಿಯುವ ಪರ್ಯಾಯಗಳ ಕಥೆ: ಹೊಸ ಪಂಥಗಳು, ಭೋಗ, ಲೆಕ್ಕಾಚಾರ. ಯಾವುದೂ ನಿಲ್ಲದು.

ಕಾರ್ಲ್-ಬಿರ್ಗರ್ ಬ್ಲೊಮ್‌ಡಾಲ್ ಇದನ್ನು 1959ರಲ್ಲಿ ಆಪೆರಾ ಮಾಡಿದಾಗ ಮೀಮಾಳ ಭಾಗಕ್ಕೆ ಟೇಪ್ ಮೇಲಿನ ಎಲೆಕ್ಟ್ರಾನಿಕ್ ನಾದವನ್ನು ಬಳಸಿದರು. ಮಾರ್ಟಿನ್‌ಸನ್‌ರಿಗೆ 1974ರ ನೊಬೆಲ್ ಬಹುಮಾನ ಐವಿಂಡ್ ಯೋನ್ಸನ್ ಜತೆ ಹಂಚಿಕೆಯಾಗಿ ಬಂತು. 2018ರಲ್ಲಿ ಕೃತಿ ಸಿನಿಮಾ ಆಯಿತು.

ಇಂಗ್ಲಿಷಿನಲ್ಲಿ ಈ ಬಗೆಯ ಕಾವ್ಯಕ್ಕೆ ಸಂಘಟನೆಯ ಬಲ ಸಿಕ್ಕದ್ದು 1978ರಲ್ಲಿ, ಅಮೆರಿಕದ ಭಾಷಾವಿಜ್ಞಾನಿ ಸುಝೆಟ್ ಹೇಡನ್ ಎಲ್ಜಿನ್ ಕಟ್ಟಿದ ವಿಜ್ಞಾನಕಾವ್ಯ ಸಂಘದಿಂದ. ಅದು ಕೊಡುವ ರೈಸ್ಲಿಂಗ್ ಪ್ರಶಸ್ತಿಯ ಹೆಸರು ರಾಬರ್ಟ್ ಹೈನ್‌ಲೈನ್ ಕಥೆಯೊಂದರ ಕುರುಡು ಕವಿಯದು. ಇತ್ತೀಚಿನ ಕವಿಗಳ ಆಸಕ್ತಿ ಸಾವಿಗಿಂತ ಗುರುತಿನ ಪ್ರಶ್ನೆಯತ್ತ ಸರಿದಿದೆ: ಫ್ರಾನಿ ಚೊಯ್ ‘ಸಾಫ್ಟ್ ಸೈನ್ಸ್’ (2019) ಸಂಕಲನದಲ್ಲಿ ಯಂತ್ರದ ಮಾತು ಮನುಷ್ಯನದೆನಿಸೀತೇ ಎಂದು ನೋಡುವ ಟ್ಯೂರಿಂಗ್ ಪರೀಕ್ಷೆಯ ಪ್ರಶ್ನೋತ್ತರವನ್ನೇ ಕವಿತೆಯ ರೂಪವಾಗಿಸಿದ್ದಾರೆ. ಆದರೂ ಈ ಪರಂಪರೆಗೆ ಪ್ರವೇಶ ಬಯಸುವವರು ‘ಅನಿಯಾರಾ’ದಿಂದಲೇ ತೊಡಗುವುದು ಒಳ್ಳೆಯದು; ಇಂಗ್ಲಿಷ್ ಅನುವಾದಗಳಲ್ಲಿ ಮೂಲದ ಛಂದಸ್ಸನ್ನು ಉಳಿಸಿಕೊಂಡಿರುವುದು ಸ್ಟೀಫನ್ ಕ್ಲಾಸ್ ಮತ್ತು ಲೈಫ್ ಶೋಬೆರಿ ಅವರ 1999ರ ಆವೃತ್ತಿ.