ನೊಣಂಬವಾಡಿಗೊಂಡ

ಕಾಗದ ಬಂದರೆ ಒಳಗಿನ ಕುಶಲವಾರ್ತೆಗೆ ಕೈಹಾಕುವವರೇ ಹೆಚ್ಚು. ಮೂಲೆಯ ಅಂಚೆಚೀಟಿಯನ್ನು ದಿಟ್ಟಿಸುವವರು ವಿರಳ. ವಾಚಕರು ಒಮ್ಮೆ ದಿಟ್ಟಿಸಬೇಕು. ಅಂಚೆಚೀಟಿಗೂ ಟಂಕಸಾಲೆಗೂ ಹುಟ್ಟಿನಿಂದಲೇ ನಂಟು. 1840ರಲ್ಲಿ ಇಂಗ್ಲೆಂಡಿನಲ್ಲಿ ಹೊರಟ ಮೊತ್ತಮೊದಲ ಚೀಟಿಗೆ ರಾಣಿಯ ಮುಖವನ್ನು ಒಂದು ಪದಕದಿಂದ ತೆಗೆದುಕೊಂಡರು. ಗ್ರೀಸ್ ದೇಶವು 1959ರಲ್ಲಿ ತನ್ನ ಪ್ರಾಚೀನ ನಾಣ್ಯಗಳದೇ ಒಂದು ಮಾಲೆಯನ್ನು ಹೊರಡಿಸಿತು. ನಮ್ಮ ಅಂಚೆ ಇಲಾಖೆಯೂ 1978ರ ವಸ್ತುಸಂಗ್ರಹಾಲಯ ಮಾಲೆಯಲ್ಲಿ ಕುಷಾಣರ ಚಿನ್ನದ ನಾಣ್ಯವೊಂದನ್ನು ಚಿತ್ರಿಸಿತು.

ಕನ್ನಡನಾಡಿನಿಂದ ಅಂಥದೊಂದನ್ನು ಆರಿಸಿರೆಂದರೆ ನಾನು ಹೊಯ್ಸಳ ವಿಷ್ಣುವರ್ಧನನ ಹೊನ್ನನ್ನು ಮುಂದಿಡುವೆನು. ಅದರ ಒಂದು ಮಗ್ಗುಲಲ್ಲಿ ಸಿಂಹ; ಇನ್ನೊಂದರಲ್ಲಿ ಚಿತ್ರವೇ ಇಲ್ಲ, ಮೂರು ಸಾಲು ಕನ್ನಡ ಅಕ್ಷರ. ಕೆಲವದರ ಮೇಲೆ ‘ಶ್ರೀ ತಳಕಾಡುಗೊಂಡ’, ಕೆಲವದರ ಮೇಲೆ ‘ಶ್ರೀ ನೊಣಂಬವಾಡಿಗೊಂಡ’. ತಳಕಾಡು ದೂರದ ಕಾವೇರಿ ತೀರದ್ದು. ನೊಣಂಬವಾಡಿಯಾದರೋ ನಾವು ನೀವು ಉಳುವ ನೆಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಈ ಸೀಮೆಯಲ್ಲಿಯೇ ಶಾಸನಗಳು ಹೇಳುವ ಕೋಗಳಿ ಐನೂರು ಇತ್ತು. ಅದು ನೊಳಂಬವಾಡಿ ಮೂವತ್ತೆರಡು ಸಾವಿರಕ್ಕೆ ಸೇರಿದ ನಾಡು. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿಯೇ ಅದನ್ನು ಆಳಿದ ಪಾಂಡ್ಯರ ಗಿರಿದುರ್ಗ.

ಆದೇಶಸಂಧಿಯನ್ನು ಪಾಠಮಾಡುವಾಗ ‘ಹಳೆಗನ್ನಡ’ದ ಜೊತೆಗೆ ನಾನು ಈ ‘ಗೊಂಡ’ವನ್ನೂ ಹಲಗೆಯ ಮೇಲೆ ಬರೆಯುವುದುಂಟು, ಕೊಂಡ ಎಂಬುದರ ಕಕಾರವೇ ಗಕಾರವಾಗಿದೆ. ಒಮ್ಮೆ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, “ರೊಕ್ಕ ಕೊಟ್ಟು ಕೊಂಡಾನೇನ್ರಿ ಸಾರ್?” ಎಂದ. ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಕೊಂಡದ್ದು ಕತ್ತಿಯಿಂದ, ನಾಣ್ಯ ಒತ್ತಿದ್ದು ಆಮೇಲೆ. ನಮ್ಮ ನಾಡಿನ ಹೆಸರು ಚಿನ್ನದ ಮೇಲೆ ಬಂದದ್ದು ಸೋತ ನಾಡಾಗಿ ಎಂಬುದನ್ನು ಆ ಹುಡುಗನಿಗೆ ಹೇಳಬೇಕಾಯಿತು.

ಆದರೆ ನಾಣ್ಯದ ಮಾತನ್ನು ಪೂರ್ತಿ ನಂಬುವಂತಿಲ್ಲ. ಗೆದ್ದವನ ಟಂಕಸಾಲೆಯಲ್ಲಿ ಸೋತವನ ಸಾಕ್ಷಿ ಕೇಳುವವರುಂಟೆ? ವಿಷ್ಣುವರ್ಧನನು ‘ಕೊಂಡ’ ಉಚ್ಚಂಗಿಯನ್ನು ಅವನ ಮೊಮ್ಮಗ ಇಮ್ಮಡಿ ಬಲ್ಲಾಳನು 1177ರ ಸುಮಾರಿಗೆ ಮತ್ತೆ ಮುತ್ತಿ ಹಿಡಿಯಬೇಕಾಯಿತು. ಗಿರಿದುರ್ಗಮಲ್ಲನೆಂಬ ಬಿರುದು ಅವನದು. ಅಜ್ಜನ ಗೆಲವು ಗಟ್ಟಿಯಾಗಿ ನಿಂತಿದ್ದರೆ ಮೊಮ್ಮಗನಿಗೆ ಆ ಬೆಟ್ಟ ಹತ್ತುವ ಕೆಲಸವೆಲ್ಲಿತ್ತು?

ಹೀಗಿದ್ದರೂ ಆ ಹೊನ್ನೇ ಚೀಟಿಯ ಮೇಲೆ ಬರಲೆಂಬುದು ನನ್ನ ಆಸೆ. ಚಿನ್ನದ ನಾಣ್ಯ ಗಾಜಿನ ಪೆಟ್ಟಿಗೆಯಲ್ಲಿ ಕುಳಿತಿರುತ್ತದೆ. ಚೀಟಿಯಾದರೆ ಉಚ್ಚಂಗಿಯ ಹೊಲದ ದಾರಿಯವರೆಗೂ ಬಂದೀತು. ಚಿತ್ರಗಾರರಿಗೆ ಸಿಂಹದ ಮೇಲೆಯೇ ಕಣ್ಣು ಹೋಗುವುದು ಸಹಜ. ಅವರು ನಾಣ್ಯವನ್ನು ಹೊರಳಿಸಿ ಅಕ್ಷರದ ಮಗ್ಗುಲನ್ನು ಬರೆಯಲಿ, ಮೇಲೆ ಅಂಚೆಯ ಮೊಹರು ಬಿದ್ದರೂ ಓದಲು ಬರುವಷ್ಟು ದಪ್ಪವಾಗಿ.